ಅಡುಗೆಮನೆಯ ಸುಧಾರಣೆ: ಒಡೆಯುವ ಮೊದಲು ಅಳೆಯಬೇಕು

ಮನೆ ದುರಸ್ತಿ ಸಾಲಕ್ಕಾಗಿ ಸಂಘಕ್ಕೆ ಬರುವ ಅರ್ಜಿಗಳಲ್ಲಿ ಈಚೆಗೆ ಅಡುಗೆಮನೆಯ ಕೆಲಸವೇ ಎದ್ದು ಕಾಣುತ್ತದೆ. ಇದು ಸಂತೋಷದ ವಿಷಯ. ತೋಟಕ್ಕೆ ಪಂಪು, ಕಣಕ್ಕೆ ಸಿಮೆಂಟು, ಜಗುಲಿಗೆ ಹೊಸ ನೆಲ ಎಲ್ಲವೂ ಆದ ಮೇಲೆ ಕಟ್ಟಕಡೆಗಾದರೂ ಅಡುಗೆಮನೆಯ ಸರದಿ ಬಂದಿತಲ್ಲ ಎಂದು ಸಮಾಧಾನಪಡಬೇಕು. ಆದರೆ ಅರ್ಜಿಯೊಂದಿಗೆ ಲಗತ್ತಿಸಿದ ನಕಾಶೆಗಳನ್ನು ನೋಡಿದಾಗ ಒಂದು ಮಾತು ಹೇಳಬೇಕೆನಿಸುತ್ತದೆ. ಹದಿನಾಲ್ಕು ಮಂದಿ ಉಣ್ಣುವ ಕೂಡು ಕುಟುಂಬಕ್ಕೂ, ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೂ ಒಂದೇ ನಕಾಶೆ: ಹತ್ತಡಿ ಉದ್ದದ ಕಪ್ಪು ಕಲ್ಲಿನ ಕಟ್ಟೆ, ಮೂಲೆಯಲ್ಲಿ ಸಿಂಕ್, ಕೆಳಗೆ ಪ್ಲೈವುಡ್ ಬಾಗಿಲು, ಮೇಲೆ ಕೈಗೆಟುಕದ ಕಪಾಟು. ಸೌದೆ ಒಲೆಗೆ ಜಾಗವಿಲ್ಲ, ಅಕ್ಕಚ್ಚಿನ ಬಾಲ್ದಿಗೆ ಜಾಗವಿಲ್ಲ, ಹಲಸಿನಕಾಯಿ ಕೊಯ್ಯಲು ಜಾಗವಿಲ್ಲ. ಹೀಗೆ ಕಟ್ಟಿದ ಮನೆಗಳಲ್ಲಿ ಒಂದೆರಡು ವರ್ಷಗಳಲ್ಲೇ ಹಿತ್ತಿಲ ಕಡೆ ತಗಡಿನ ಮಾಡು ಇಳಿಸಿ, ಅಲ್ಲಿ ಮೂರು ಕಲ್ಲಿಟ್ಟು, ಅದೇ ಹೊಗೆಯಲ್ಲಿ ಅಡುಗೆ ಮಾಡುವುದನ್ನು ನಾವು ಕಂಡಿದ್ದೇವೆ. ಹಣ ಹೋಯಿತು, ಹೊಗೆ ಹೋಗಲಿಲ್ಲ.

ಅಡುಗೆಮನೆ ಮನೆಯವರಿಗೆ ತಕ್ಕಂತೆ ಇರಬೇಕೇ ಹೊರತು ಮನೆಯವರು ಅಡುಗೆಮನೆಗೆ ತಕ್ಕಂತೆ ಆಗಬಾರದು. ಈ ಒಂದು ಮಾತನ್ನೇ ಸ್ವಲ್ಪ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಪಟ್ಟಣದ ಕಟ್ಟೆ ಎಲ್ಲಿಂದ ಬಂತು?

ನಾವು ಈಗ ನಕಲು ಮಾಡುತ್ತಿರುವ ಅಡುಗೆಮನೆಗೂ ಒಂದು ಇತಿಹಾಸವಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕೆಲಸಗಾರರ ಮನೆಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳಾ ವಾಸ್ತುಶಿಲ್ಪಿ ಒಂದು ಚಿಕ್ಕ ಅಡುಗೆಮನೆಯನ್ನು ಯೋಜಿಸಿದರು. ಅಗಲ ಸುಮಾರು ಆರಡಿ, ಉದ್ದ ಸುಮಾರು ಹನ್ನೊಂದು ಅಡಿ. ರೈಲಿನ ಊಟದ ಡಬ್ಬಿಯ ಇಕ್ಕಟ್ಟಾದ ಅಡುಗೆಕೋಣೆಯೇ ಅದಕ್ಕೆ ಮಾದರಿ. ಗೃಹಿಣಿ ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ ಇಡುತ್ತಾಳೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೆಲ್ಲ ಲೆಕ್ಕಹಾಕಿ ಮಾಡಿದ ಯೋಜನೆ ಅದು. ಅಂತಹವು ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟವು. ಇಂದಿನ ಪಟ್ಟಣದ ಅಡುಗೆಮನೆಗಳು ಬಹುಮಟ್ಟಿಗೆ ಆ ವಂಶದವೇ.

ಅದು ಒಳ್ಳೆಯ ಯೋಜನೆ. ಆದರೆ ಒಬ್ಬಳೇ ಹೆಂಗಸು ನಾಲ್ಕು ಮಂದಿಗೆ ಅನಿಲದ ಒಲೆಯಲ್ಲಿ ಅಡುಗೆ ಮಾಡುವ ಮನೆಗಾಗಿ ಆದದ್ದು. ಅಲ್ಲಿ ಅಡಿಕೆ ಸುಲಿಯಲು ಬಂದವರಿಗೆ ರಾತ್ರಿ ಚಹಾ ಕಾಯಿಸಬೇಕಾಗಿರಲಿಲ್ಲ. ನಾವು ಕಲಿಯಬೇಕಾದದ್ದು ಆ ಅಳತೆಗಳನ್ನಲ್ಲ, ಅಳೆಯುವ ಕ್ರಮವನ್ನು.

ಮೊದಲು ನಾಲ್ಕು ಲೆಕ್ಕ

ಮೇಸ್ತ್ರಿಯನ್ನು ಕರೆಯುವ ಮೊದಲು ಮನೆಯವರೆಲ್ಲ ಕೂತು, ಮುಖ್ಯವಾಗಿ ಅಡುಗೆ ಮಾಡುವವರನ್ನೇ ಕೂರಿಸಿಕೊಂಡು, ನಾಲ್ಕು ವಿಷಯಗಳನ್ನು ಬರೆದಿಡಬೇಕು.

ಒಂದು, ಉಣ್ಣುವವರು ಎಷ್ಟು ಮಂದಿ. ಸಾಮಾನ್ಯ ದಿನದ ಲೆಕ್ಕ ಬೇರೆ, ಕಾಫಿ ಕೊಯ್ಲಿನ ಅಥವಾ ಅಡಿಕೆ ಸುಗ್ಗಿಯ ಲೆಕ್ಕ ಬೇರೆ, ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬಂದಾಗಿನ ಲೆಕ್ಕ ಬೇರೆ. ಮೂರನ್ನೂ ಬರೆಯಬೇಕು.

ಎರಡು, ಅಡುಗೆ ಮಾಡುವವರು ಯಾರು, ಒಟ್ಟಿಗೆ ಎಷ್ಟು ಮಂದಿ, ಅವರ ಎತ್ತರವೆಷ್ಟು, ವಯಸ್ಸೆಷ್ಟು, ಮಂಡಿ ಸೊಂಟದ ಸ್ಥಿತಿ ಹೇಗಿದೆ.

ಮೂರು, ಉರುವಲು ಯಾವುದು. ಸಿಲಿಂಡರ್, ಗೋಬರ್ ಗ್ಯಾಸ್, ಸೌದೆ ಇವುಗಳಲ್ಲಿ ಈಗ ಯಾವುದೆಷ್ಟು, ಹತ್ತು ವರ್ಷದ ಮೇಲೆ ಯಾವುದೆಷ್ಟು ಎಂದು ಅಂದಾಜಿಸಬೇಕು.

ನಾಲ್ಕು, ನಿಂತು ಮಾಡುವ ಕೆಲಸ ಯಾವುದು, ಕೂತು ಮಾಡುವ ಕೆಲಸ ಯಾವುದು. ಕಾಯಿ ತುರಿಯುವುದು, ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚುವುದು, ಹಪ್ಪಳ ಒತ್ತುವುದು ಕೂತು ಮಾಡುವ ಕೆಲಸಗಳು. ಇವಕ್ಕೆ ಕಟ್ಟೆ ಬೇಡ. ಗಾಳಿ ಬೆಳಕಿರುವ ಕಡೆ ನಾಲ್ಕಡಿಗೆ ನಾಲ್ಕಡಿ ಶುಚಿಯಾದ ನೆಲ ಬೇಕು. ಪಟ್ಟಣದ ನಕಾಶೆಯಲ್ಲಿ ಇಲ್ಲದಿರುವುದು ಇದೇ.

ಹೊಗೆಯ ಪ್ರಶ್ನೆ

ಸೌದೆ ನಮ್ಮಲ್ಲಿ ಪುಕ್ಕಟೆ ಎಂದು ಹೇಳುವುದುಂಟು. ನೆರಳು ಮರಗಳ ಕೊಂಬೆ, ಹಳೆಯ ಕಾಫಿ ಬುಡ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಎಲ್ಲವೂ ತೋಟದಲ್ಲೇ ಸಿಗುತ್ತವೆ. ಆದರೆ ಆ ಉರುವಲಿನ ಬೆಲೆಯನ್ನು ಒಲೆಯ ಮುಂದೆ ಕೂತವರು ಕೊಡುತ್ತಾರೆ. ಒಳಗೆ ತುಂಬಿದ ಹೊಗೆ ದೀರ್ಘಕಾಲದ ಕೆಮ್ಮು ದಮ್ಮುಗಳಿಗೆ, ಕಣ್ಣಿನ ಪೊರೆಗೆ, ತಾಯಿಯ ಬಳಿಯಲ್ಲೇ ಇರುವ ಎಳೆಯ ಮಕ್ಕಳ ನ್ಯುಮೋನಿಯಕ್ಕೆ ಕಾರಣವೆಂಬುದು ಇಂದು ವಿವಾದದ ವಿಷಯವಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೀಡಿ ಸಿಗರೇಟು ಮುಟ್ಟದ ನಮ್ಮ ಮನೆಯ ಹಿರಿಯ ಹೆಂಗಸರು ಮಳೆಗಾಲವಿಡೀ ಉಸಿರಿಗೆ ಕಷ್ಟಪಡುವುದು ಯಾತಕ್ಕೆ ಎಂದು ಪ್ರತಿಯೊಬ್ಬರೂ ಯೋಚಿಸಬೇಕು.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರ್ ಇಲ್ಲದ ಮನೆಗಳು ಕಡಿಮೆಯಾಗಿವೆ. ಆದರೂ ಬಿಸಿನೀರಿಗೆ, ಅಕ್ಕಿ ಬೇಯಿಸುವುದಕ್ಕೆ, ಸುಗ್ಗಿಯ ದೊಡ್ಡ ಅಡುಗೆಗೆ ಸೌದೆ ಉಳಿದೇ ಇದೆ. ಸೌದೆ ಉಳಿಯುವುದಾದರೆ ಹೊಗೆಕೊಳವೆ ಇರುವ ಒಲೆಯೇ ಇರತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಎಂಬತ್ತರ ದಶಕದ ಮೊದಲಲ್ಲಿ ರೂಪಿಸಿದ ಅಸ್ತ್ರ ಒಲೆ ನಮ್ಮ ಹಿರಿಯ ಸದಸ್ಯರಿಗೆ ಪರಿಚಿತ. ಒಂದೇ ಉರಿಯಲ್ಲಿ ಮೂರು ಪಾತ್ರೆ, ಉರುವಲಿನ ಕೆಳಗೆ ಗಾಳಿಯಾಡುವ ಜಾಲರಿ, ಬಾಯಿಗೆ ಮುಚ್ಚಳ, ಹಿಂದೆ ಹೊಗೆಕೊಳವೆ. ಆ ಕಾಲದಲ್ಲಿ ಸರ್ಕಾರದ ಕಾರ್ಯಕ್ರಮದಲ್ಲಿ ಊರೂರಿನಲ್ಲೂ ಸುಧಾರಿತ ಒಲೆಗಳನ್ನು ಕಟ್ಟಿದರು. 2002ರಲ್ಲಿ ಆ ರಾಷ್ಟ್ರೀಯ ಕಾರ್ಯಕ್ರಮ ನಿಂತಿತು. ಎಷ್ಟೋ ಮನೆಗಳಲ್ಲಿ ಅಷ್ಟರೊಳಗೇ ಒಲೆ ಮೂಲೆ ಸೇರಿತ್ತು. ಒಲೆಯ ಬಾಯಿ ಮನೆಯ ಪಾತ್ರೆಗೆ ಹೊಂದದೆ ಸಂದಿಯಲ್ಲಿ ಹೊಗೆ ಬರುವುದು, ಕೊಳವೆ ಮಸಿ ಕಟ್ಟಿದರೂ ಶುಚಿಮಾಡದಿರುವುದು ಇವೇ ಮುಖ್ಯ ಕಾರಣ. ಇದರಿಂದ ಕಲಿಯಬೇಕಾದ ಪಾಠಗಳು ಸುಲಭ:

1. ಒಲೆಯ ಬಾಯಿಗಳನ್ನು ನೀವು ದಿನಾ ಬಳಸುವ ಪಾತ್ರೆಗಳನ್ನೇ ಇಟ್ಟು ಅಳತೆ ಮಾಡಿಸಿ ಕಟ್ಟಿಸಬೇಕು. ಬಳಸದ ಬಾಯಿಗೆ ಮುಚ್ಚಳವಿರಬೇಕು.

2. ಕೊಳವೆ ನಾಲ್ಕು ಅಂಗುಲಕ್ಕಿಂತ ಕಿರಿದಾಗಿರಬಾರದು. ಮಾಡಿನ ನೆತ್ತಿಗಿಂತ ಎರಡಡಿ ಮೇಲಕ್ಕೆ ಹೋಗಬೇಕು. ಇಲ್ಲವಾದರೆ ಜೂನ್ ಜುಲೈ ಗಾಳಿಗೆ ಹೊಗೆ ತಿರುಗಿ ಒಳಗೇ ಬರುತ್ತದೆ. ತುದಿಗೆ ಮಳೆ ಟೋಪಿ ಇರಲಿ.

3. ಕೊಳವೆ ಮಾಡಿನ ಮರಮುಟ್ಟಿಗೆ ತಾಗಬಾರದು. ತೂರಿಹೋಗುವ ಕಡೆ ಸುತ್ತಲೂ ಅಂತರ ಬಿಟ್ಟು ತಗಡು ಹೊಡೆಸಬೇಕು.

4. ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇಡಿಸಿ, ತಿಂಗಳಿಗೊಮ್ಮೆ ಶುಚಿಮಾಡಬೇಕು. ಇದು ಗಂಡಸರ ಕೆಲಸವೆಂದು ಮೊದಲೇ ನಿಶ್ಚಯಿಸಿಕೊಂಡರೆ ಒಳ್ಳೆಯದು.

5. ಹಸಿ ಸೌದೆ ಉರಿಸಿದರೆ ಎಂತಹ ಒಲೆಯೂ ಹೊಗೆಯುತ್ತದೆ. ಈ ವರ್ಷ ಕಡಿದದ್ದು ಮುಂದಿನ ಮಳೆಗಾಲಕ್ಕೆ ಎಂಬ ಲೆಕ್ಕದಲ್ಲಿ ಸೌದೆ ಕೊಟ್ಟಿಗೆ ದೊಡ್ಡದಿರಬೇಕು.

ಹೊಗೆಯ ಉಪಕಾರವನ್ನೂ ಹೇಳದಿದ್ದರೆ ತಪ್ಪಾದೀತು. ಹಳೆಯ ಮನೆಯಲ್ಲಿ ಹೊಗೆ ಅಟ್ಟಕ್ಕೇರಿ ಪಕಾಸಿ, ಬಿದಿರುಗಳಿಗೆ ಹುಳು ಬೀಳದಂತೆ ಕಾಯುತ್ತಿತ್ತು. ಅಟ್ಟದಲ್ಲಿಟ್ಟ ಅಡಿಕೆ, ಮೆಣಸು, ಬೀಜ ಬೂಸಲು ಹಿಡಿಯದಂತೆ ಬೆಚ್ಚಗಿಡುತ್ತಿತ್ತು. ಒಲೆ ನಿಲ್ಲಿಸಿದ ಎರಡು ಮೂರು ಮಳೆಗಾಲದಲ್ಲೇ ಮಾಡಿನ ಮರ ಪುಡಿ ಉದುರಿಸುವುದು ಇದರಿಂದಲೇ. ಆದುದರಿಂದ ಹೊಗೆಯನ್ನು ಹೊರಗೆ ಕಳಿಸುವ ವರ್ಷವೇ ಅಟ್ಟದ ದಾಸ್ತಾನನ್ನು ಬೇರೆ ಒಣಜಾಗಕ್ಕೆ ಸಾಗಿಸಬೇಕು, ಮರಕ್ಕೆ ಹುಳು ಹಿಡಿಯದ ಎಣ್ಣೆ ಬಳಿಸಬೇಕು, ಅಟ್ಟಕ್ಕೆ ಗಾಳಿಕಿಂಡಿ ಇಡಿಸಬೇಕು. ಈ ಖರ್ಚು ಅಂದಾಜು ಪಟ್ಟಿಯಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ.

ಕಟ್ಟೆಯ ಎತ್ತರ

ಎತ್ತರವನ್ನು ಮೇಸ್ತ್ರಿಗೆ ಬಿಟ್ಟರೆ ಆತ ತನಗೆ ರೂಢಿಯಾದ ಅಳತೆಯಲ್ಲೇ ಕಟ್ಟುತ್ತಾನೆ. ಆ ಕಟ್ಟೆಯ ಮುಂದೆ ಮುಂದಿನ ಮೂವತ್ತು ವರ್ಷ ದಿನಕ್ಕೆ ನಾಲ್ಕೈದು ಗಂಟೆ ನಿಲ್ಲುವವರು ಬೇರೆ. ಎತ್ತರ ಹೆಚ್ಚಾದರೆ ಭುಜ ನೋವು, ತಗ್ಗಾದರೆ ಸೊಂಟ ನೋವು.

ಅಳೆಯುವ ಕ್ರಮ ಇಷ್ಟೇ. ಅಡುಗೆ ಮಾಡುವವರು ಬರಿಗಾಲಲ್ಲಿ ನೆಟ್ಟಗೆ ನಿಂತು ಮೊಣಕೈ ಮಡಿಸಬೇಕು. ನೆಲದಿಂದ ಮೊಣಕೈವರೆಗಿನ ಎತ್ತರದಲ್ಲಿ ನಾಲ್ಕರಿಂದ ಆರು ಅಂಗುಲ ಕಳೆದರೆ ಹೆಚ್ಚುವ, ಕಲಸುವ ಕಟ್ಟೆಯ ಎತ್ತರ ಸಿಗುತ್ತದೆ. ಐದಡಿ ಎತ್ತರದವರಿಗೆ ಇದು ಸುಮಾರು 32 ಅಂಗುಲ ಬರುತ್ತದೆ, ಐದಡಿ ನಾಲ್ಕಂಗುಲದವರಿಗೆ 34–35. ಅನಿಲದ ಒಲೆಗೆ ತನ್ನದೇ ಎತ್ತರವಿದೆ, ಅದರ ಮೇಲೆ ಪಾತ್ರೆ ಕೂರುತ್ತದೆ. ಆದುದರಿಂದ ಒಲೆಯಿಡುವ ಭಾಗ ಉಳಿದ ಕಟ್ಟೆಗಿಂತ ಮೂರು ನಾಲ್ಕು ಅಂಗುಲ ತಗ್ಗಿರಬೇಕು. ಸಿಂಕಿನಲ್ಲಿ ಕೈ ಆಳಕ್ಕಿಳಿಯುವುದರಿಂದ ಅದರ ಅಂಚು ಎರಡಂಗುಲ ಮೇಲಿದ್ದರೆ ಒಳ್ಳೆಯದು. ಕಟ್ಟೆಯ ಅಗಲ ಎರಡಡಿ ಸಾಕು. ಬುಡದಲ್ಲಿ ಕಾಲ್ಬೆರಳು ಒಳಹೋಗುವಂತೆ ಮೂರು ನಾಲ್ಕು ಅಂಗುಲ ಸಂದು ಬಿಡಿಸಿದರೆ ಬೆನ್ನು ಬಗ್ಗದೆ ಹತ್ತಿರ ನಿಲ್ಲಬಹುದು.

ಮನೆಯಲ್ಲಿ ಅತ್ತೆ ಗಿಡ್ಡ, ಸೊಸೆ ಉದ್ದ ಇದ್ದರೆ? ಇಬ್ಬರಿಗೂ ಹೊಂದದ ನಡುವಿನ ಅಳತೆ ಬೇಡ. ಎರಡು ಎತ್ತರದ ಎರಡು ಕಟ್ಟೆ ಇರಲಿ. ಖರ್ಚು ಬಹಳ ಹೆಚ್ಚುವುದಿಲ್ಲ, ಜಗಳವೂ ಕಡಿಮೆ.

ಮೂರು ಬಗೆಯ ಮನೆಗಳು

ಕೂಡು ಕುಟುಂಬದ ಅಡಿಕೆ ಮನೆ: ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಗಳಲ್ಲಿ ಹತ್ತು ಹದಿನೈದು ಮಂದಿಯ ಮನೆಗಳು ಇನ್ನೂ ಇವೆ. ಇಲ್ಲಿ ಒಂದೇ ಅಡುಗೆಮನೆಯ ಬದಲು ಎರಡು ಕೋಣೆ ಮಾಡುವುದು ಲೇಸು. ಒಳಗಿನದು ದಿನದ ಅಡುಗೆಗೆ, ಅನಿಲದ ಒಲೆ ಮತ್ತು ಕಟ್ಟೆಯೊಂದಿಗೆ. ಹೊರಗಿನದು ಕೊಳವೆಯ ಸೌದೆ ಒಲೆಯೊಂದಿಗೆ, ದೊಡ್ಡ ಅಡುಗೆಗೆ. ಹೊರಗಿನ ಒಲೆಯನ್ನು ನೆಲದಿಂದ ಒಂದಡಿಗಿಂತ ಎತ್ತರಿಸಬಾರದು. ಕುದಿಯುವ ಕೊಪ್ಪರಿಗೆಯನ್ನು ಸೊಂಟದ ಎತ್ತರದಿಂದ ಇಳಿಸುವುದು ಅಪಾಯ. ಒಲೆಯ ಪಕ್ಕದಲ್ಲೇ ಗಂಜಿ ಬಸಿಯುವ ಜಾಗ, ಅಲ್ಲಿಂದ ಕೊಟ್ಟಿಗೆಗೆ ಹತ್ತಿರದ ಬಾಗಿಲು ಇದ್ದರೆ ಅಕ್ಕಚ್ಚು ಹೊತ್ತು ಮನೆಯೆಲ್ಲ ಸುತ್ತುವುದು ತಪ್ಪುತ್ತದೆ. ಒಳಗೆ ಇಬ್ಬರು ಮೂವರು ಒಟ್ಟಿಗೆ ಓಡಾಡುವುದರಿಂದ ಎದುರುಬದುರು ಕಟ್ಟೆಗಳ ನಡುವೆ ಐದಡಿ ಇರಲಿ. ಮಡಿಯಲ್ಲಿ ಅಡುಗೆ ಮಾಡುವ ಮನೆಯಲ್ಲಿ ನೀರು ತರುವ ದಾರಿ ಊಟದ ಮನೆಯ ಮೂಲಕ ಹಾಯಬಾರದು. ಅಪ್ಪೆಮಿಡಿಯ ಭರಣಿಗಳಿಗೆ, ಹಪ್ಪಳದ ಡಬ್ಬಿಗಳಿಗೆ ಉಗ್ರಾಣವನ್ನು ಹಾಗೆಯೇ ಉಳಿಸಿಕೊಳ್ಳಿ. ಅದನ್ನು ಒಡೆದು ಅಡುಗೆಮನೆ ದೊಡ್ಡದು ಮಾಡಿದವರು ಆಮೇಲೆ ಪಶ್ಚಾತ್ತಾಪಪಟ್ಟದ್ದುಂಟು.

ಚಿಕ್ಕ ಕುಟುಂಬದ ಕಾಫಿ ಮನೆ: ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಐದಾರು ಎಕರೆ ಇರುವ ಮನೆಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಮಂದಿ. ಕೊಯ್ಲಿನಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯಿಂದ ತೋಟದಲ್ಲೇ. ಇಲ್ಲಿ ಬೇಕಾದದ್ದು ವಿಸ್ತಾರವಲ್ಲ, ಹೆಜ್ಜೆ ಉಳಿತಾಯ. ಒಲೆ, ಸಿಂಕ್, ಸಾಮಾನಿನ ಕಪಾಟು ಮೂರೂ ನಾಲ್ಕೈದು ಹೆಜ್ಜೆಯೊಳಗಿರಲಿ. ಎಂಟಡಿಗೆ ಹತ್ತಡಿ ಸಾಕು. ಉಳಿದ ಹಣವನ್ನು ಹಿಂಬದಿಯ ಇಳಿಮಾಡಿಗೆ ಹಾಕಿ: ತೋಟದಿಂದ ಬಂದವರು ಕೈಕಾಲು ತೊಳೆಯಲು, ಜಿಗಣೆ ಕೊಡವಲು, ಮೀನು ಮಾಂಸ ಶುಚಿಮಾಡಲು, ಹಲಸು ಕೊಯ್ಯಲು ಅಲ್ಲೊಂದು ಕಲ್ಲಿನ ಕಟ್ಟೆ ಮತ್ತು ನಲ್ಲಿ ಇದ್ದರೆ ಒಳಗಿನ ಅಡುಗೆಮನೆ ಅರ್ಧ ಶುಚಿಯಾಗಿ ಉಳಿಯುತ್ತದೆ. ನೆಂಟರು ಬಂದ ದಿನದ ದೊಡ್ಡ ಅಡುಗೆಗೂ ಅದೇ ಜಾಗ.

ಹಿರಿಯರೇ ಉಳಿದಿರುವ ಮನೆ: ಮಕ್ಕಳು ಬೆಂಗಳೂರು ಸೇರಿ, ಎಪ್ಪತ್ತು ದಾಟಿದವರು ತೋಟ ನೋಡಿಕೊಂಡಿರುವ ಮನೆಗಳು ಹೆಚ್ಚುತ್ತಿವೆ. ಮಕ್ಕಳು ಕಳಿಸಿದ ಹಣದಲ್ಲಿ ಮಕ್ಕಳ ಇಷ್ಟದಂತೆ ಅಡುಗೆಮನೆ ಕಟ್ಟುವುದು ಇಲ್ಲೇ. ವರ್ಷಕ್ಕೆ ಎಂಟು ದಿನ ಬರುವವರಿಗೆ ಒಪ್ಪುವಂತಲ್ಲ, ಉಳಿದ ದಿನಗಳಲ್ಲಿ ಇರುವವರಿಗೆ ಒಪ್ಪುವಂತೆ ಕಟ್ಟಬೇಕು. ಕಟ್ಟೆಯ ಒಂದು ಭಾಗ 27–28 ಅಂಗುಲ ಎತ್ತರದಲ್ಲಿದ್ದು ಕೆಳಗೆ ಖಾಲಿಯಿದ್ದರೆ ಸ್ಟೂಲಿನ ಮೇಲೆ ಕೂತು ಹೆಚ್ಚಬಹುದು. ದಿನಬಳಕೆಯ ಸಾಮಾನು ಸೊಂಟ ಮತ್ತು ಕಣ್ಣಿನ ಎತ್ತರದ ನಡುವೆಯೇ ಇರಬೇಕು. ಸ್ಟೂಲು ಹತ್ತಿ ಡಬ್ಬಿ ತೆಗೆಯುವ ಪ್ರಸಂಗ ಬರಬಾರದು. ಎತ್ತರದ ಹೊಸ್ತಿಲು, ನುಣುಪಾದ ಟೈಲ್ಸ್ ಎರಡೂ ಬೇಡ. ಬಾಗಿಲ ಪಕ್ಕ ಹಿಡಿದುಕೊಳ್ಳಲು ಒಂದು ಕಂಬಿ ಇರಲಿ. ಬಚ್ಚಲಿಗೆ ಹೋಗಲು ಅಂಗಳ ದಾಟುವಂತಿರಬಾರದು. ಜೀವಮಾನವೆಲ್ಲ ಮಣೆಯ ಮೇಲೆ ಕೂತು ಅಡುಗೆ ಮಾಡಿದ, ಈಗಲೂ ಮಂಡಿ ಗಟ್ಟಿಯಿರುವ ಅಜ್ಜಿಯಂದಿರಿದ್ದಾರೆ. ಅವರನ್ನು ಬಲವಂತವಾಗಿ ಎಬ್ಬಿಸಿ ನಿಲ್ಲಿಸುವುದು ಸುಧಾರಣೆಯಲ್ಲ.

ಅನಿಲ ಮತ್ತು ವಿದ್ಯುತ್ತು

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಆದುದರಿಂದ ಸಿಲಿಂಡರ್ ಇರುವ ಕಡೆ ನೆಲದ ಮಟ್ಟದಲ್ಲಿ ಹೊರಗೋಡೆಗೆ ಗಾಳಿಕಿಂಡಿ ಬೇಕು. ಸಿಲಿಂಡರನ್ನು ನೆಟ್ಟಗೇ ನಿಲ್ಲಿಸಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೌದೆ ಒಲೆ ಮತ್ತು ಸಿಲಿಂಡರ್ ಒಂದೇ ಕೋಣೆಯಲ್ಲಿರಕೂಡದು, ನಡುವೆ ಗೋಡೆಯಿರಲೇಬೇಕು. ಸೋರಿಕೆಯಾದಾಗ ದೂರು ಹೇಳುವ ಸಂಖ್ಯೆ 1906 ಎಂಬುದನ್ನು ಗೋಡೆಯ ಮೇಲೆ ಬರೆದಿಡಿ.

ಗೋಬರ್ ಗ್ಯಾಸ್ ಮಾಡಿಸುವವರು ಮೊದಲು ಸಗಣಿಯ ಲೆಕ್ಕ ಹಾಕಬೇಕು. ಐದಾರು ಮಂದಿಯ ಅಡುಗೆಗೆ ಸಾಕಾಗುವ ಎರಡು ಘನಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೊ ಹಸಿ ಸಗಣಿ ಬೇಕು. ಕೊಟ್ಟಿಗೆಯಲ್ಲೇ ಕಟ್ಟಿದ ದೊಡ್ಡ ದನ ಒಂದಕ್ಕೆ ಹತ್ತು ಕಿಲೊ ಎಂದು ಹಿಡಿಯಬಹುದು. ಮಲೆನಾಡು ಗಿಡ್ಡ ತಳಿಯಾದರೆ, ಹಗಲು ಮೇಯಲು ಬಿಡುವುದಾದರೆ, ಬಹಳ ಕಡಿಮೆ. ಅನಿಲದ ಕೊಳವೆಯಲ್ಲಿ ನೀರು ಕಟ್ಟುವುದರಿಂದ ಇಳಿಜಾರು ಮತ್ತು ನೀರು ತೆಗೆಯುವ ವ್ಯವಸ್ಥೆ ಇರಬೇಕು. ಇದಕ್ಕೆ ಬೇರೆಯೇ ಒಲೆ ಬೇಕು, ಸಿಲಿಂಡರಿನ ಒಲೆ ನಡೆಯದು. ಸ್ಲರಿ ಅಡಿಕೆ ಬುಡಕ್ಕೆ ಉತ್ತಮ ಗೊಬ್ಬರವೆಂದು ಹೇಳಬೇಕಾದ್ದಿಲ್ಲ.

ಮಿಕ್ಸಿ, ಗ್ರೈಂಡರ್, ಫ್ರಿಜ್‌ಗಳ ಪ್ಲಗ್ಗುಗಳು ಸಿಂಕಿನಿಂದ ದೂರವಿರಲಿ. ಒದ್ದೆ ಕೈ, ಒದ್ದೆ ಗೋಡೆ ನಮ್ಮ ಮಳೆಗಾಲದಲ್ಲಿ ಸಹಜವಾದ್ದರಿಂದ ಭೂಸಂಪರ್ಕವೂ, ಸೋರಿಕೆಯಾದಾಗ ತಾನಾಗಿ ಕಡಿಯುವ ಸ್ವಿಚ್ಚೂ ಇರಲೇಬೇಕು.

ನೆಲ, ಕಲ್ಲು, ಮರ

ನೆಲಕ್ಕೆ ಗಾರೆ ಅಥವಾ ಉರುಟು ಮೈಯ ಟೈಲ್ಸ್ ಇರಲಿ, ನೀರು ಹರಿಯುವಷ್ಟು ಇಳಿಜಾರಿರಲಿ. ಕಟ್ಟೆಗೆ ಕಡಪ ಕಲ್ಲು ಅಗ್ಗವಾದರೂ ಅದು ಸುಣ್ಣದ ಜಾತಿಯ ಕಲ್ಲು. ಹುಣಿಸೆ, ಮುರುಗಲು, ಕಾಚಂಪುಳಿಯಂತಹ ಹುಳಿ ಬಿದ್ದರೆ ಮೈ ಕೆಡುತ್ತದೆ. ಕೂಡಿದರೆ ಗ್ರಾನೈಟ್ ಹಾಕಿಸಿ. ಅಗ್ಗದ ಹಲಗೆಯ ಬಾಗಿಲುಗಳು ನಮ್ಮ ತೇವಕ್ಕೆ ಉಬ್ಬುತ್ತವೆ, ಒರಲೆಗೂ ಆಹಾರ. ಹಳೆಯ ಅಟ್ಟದ, ಪೆಟ್ಟಿಗೆಯ ಹಲಗೆಗಳನ್ನು ಕೀಸಿ ಬಳಸಿದರೆ ಅವೇ ಮೇಲು. ಬಾಗಿಲಿಲ್ಲದ ಕಲ್ಲಿನ ಕಪಾಟು ಇನ್ನೂ ಮೇಲು. ಬೆಳಕಿಗೆ ಹಂಚಿನ ನಡುವೆ ನಾಲ್ಕಾರು ಗಾಜಿನ ಹಂಚು ಹೊದಿಸಿದರೆ ಹಗಲು ದೀಪ ಬೇಡ. ಆಗ್ನೇಯ ಮೂಲೆಯ ಬಗ್ಗೆ ಕೇಳುವವರಿಗೆ ಹೇಳುವುದಿಷ್ಟೇ: ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ಮನೆಯ ಪೂರ್ವ ಬದಿಯ ಅಡುಗೆಮನೆಯ ಹೊಗೆ ಒಳಗೆ ನುಗ್ಗುವುದು ಕಡಿಮೆ, ಬೆಳಗಿನ ಬೆಳಕೂ ಸಿಗುತ್ತದೆ. ಆ ಜಾಗ ಸಿಗದಿದ್ದರೆ ಅದಕ್ಕಾಗಿ ಗಟ್ಟಿ ಗೋಡೆ ಒಡೆಯುವ ಅಗತ್ಯವಿಲ್ಲ.

ಕೆಲಸದ ಕಾಲ ಮತ್ತು ಕ್ರಮ

ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ಮಾರ್ಚಿಯಿಂದ ಮೇವರೆಗಿನ ಅವಧಿಯೇ ಸೂಕ್ತ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಬೆಲೆ ಇಳಿದ ವರ್ಷ ಕಂತು ಕಟ್ಟುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು. ಮೊದಲ ವರ್ಷ ಹೊಗೆಕೊಳವೆ, ಕಿಟಕಿ, ಗಾಜಿನ ಹಂಚು. ಇವಿಷ್ಟರಿಂದಲೇ ಅರ್ಧ ಕಷ್ಟ ಕಳೆಯುತ್ತದೆ, ಖರ್ಚೂ ಕಡಿಮೆ. ಎರಡನೆಯ ವರ್ಷ ನೀರು, ಸಿಂಕ್, ಬಚ್ಚಲ ನೀರು ಬಾಳೆಬುಡಕ್ಕೆ ಹೋಗುವ ಕಾಲುವೆ. ಮೂರನೆಯ ವರ್ಷ ಕಟ್ಟೆ ಮತ್ತು ಕಪಾಟು. ಅಂದವಾದದ್ದು ಕೊನೆಗಿರಲಿ.

ಕಟ್ಟೆ ಕಟ್ಟುವ ಮೊದಲು ಅದೇ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಸಿ, ಒಲೆಯಿಟ್ಟು ಎಂಟು ದಿನ ಅಡುಗೆ ಮಾಡಿ ನೋಡಬೇಕು. ಹಲಗೆಯಾದರೆ ಒಂದಂಗುಲ ಏರಿಸುವುದು ಇಳಿಸುವುದು ಐದು ನಿಮಿಷದ ಕೆಲಸ. ಗ್ರಾನೈಟ್ ಕೂರಿಸಿದ ಮೇಲೆ ಸಾಧ್ಯವಿಲ್ಲ. ಆ ಎಂಟು ದಿನದ ಕೊನೆಗೆ ಅಡುಗೆ ಮಾಡಿದವರು ಸರಿ ಎಂದರೆ ಮಾತ್ರ ಮೇಸ್ತ್ರಿಗೆ ಮುಂಗಡ ಕೊಡಿ.

ಇನ್ನು ಮುಂದೆ ಅಡುಗೆಮನೆಯ ದುರಸ್ತಿಗೆ ಅರ್ಜಿ ಹಾಕುವ ಸದಸ್ಯರು ನಕಾಶೆಯ ಹಿಂಬದಿಯಲ್ಲಿ ಮೇಲೆ ಹೇಳಿದ ನಾಲ್ಕು ಲೆಕ್ಕಗಳನ್ನೂ ಬರೆದು ತಂದರೆ ಅಂದಾಜು ಪಟ್ಟಿಯನ್ನು ಕೂತು ಪರಿಶೀಲಿಸುವುದು ನಮಗೂ ಸುಲಭವಾಗುತ್ತದೆ. ಬರುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನೂ ಜೊತೆಗೆ ಕರೆತರಬೇಕೆಂದು ವಿನಂತಿ.